ಅಂಚಿನ ಕೋಸಂಬರಿ ಎಲೆಯ ನಡುವಿಗೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟ

ರಾಗಿ ಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ನಮ್ಮ ಕಡೆಯ ಹಿರಿಯರು ಇಂದಿಗೂ ಹುಬ್ಬೇರಿಸುತ್ತಾರೆ. ಹಾಸನ, ಮಂಡ್ಯ, ತುಮಕೂರಿನ ಸೀಮೆಯಲ್ಲಿ ಮಕ್ಕಳಿಗೆ ಊಟದ ಮೊದಲ ಪಾಠವೇ ಅದು: ಮುದ್ದೆಯನ್ನು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಕಿಸದೆ ನುಂಗಬೇಕು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರಿಗೆ ಆಸ್ಪತ್ರೆಯಲ್ಲಿ ಕಲಿಸುವ ಮೊದಲ ಪಾಠ ಇದಕ್ಕೆ ನೇರ ವಿರುದ್ಧವಾದದ್ದು. ಪ್ರತಿ ತುತ್ತನ್ನೂ 20ರಿಂದ 30 ಬಾರಿ ಅಗಿಯಬೇಕು, ಬಾಯಲ್ಲೇ ಅದು ನುಣ್ಣಗಾದ ಮೇಲೆ ಒಳಗೆ ಬಿಡಬೇಕು, ಊಟದ ಜೊತೆಗೆ ನೀರನ್ನಾಗಲಿ ತೆಳುವಾದ ಬೇರೇನನ್ನಾಗಲಿ ಕುಡಿಯಬಾರದು. ಉಪ್ಸಾರು, ಬಸ್ಸಾರು, ಮಸ್ಸೊಪ್ಪುಗಳ ಜೊತೆ ಮುದ್ದೆ ಉಂಡು ಬೆಳೆದ ನನಗೆ ಈ ಎರಡು ಪಾಠಗಳ ನಡುವೆ ಒಂದು ದಾರಿ ಕಂಡುಕೊಳ್ಳುವುದು ಆಪರೇಷನ್ನಿಗಿಂತಲೂ ದೀರ್ಘವಾದ ಕೆಲಸವಾಯಿತು. ಈ ಬರಹ ಆ ಕೆಲಸದ ಕುರಿತಾದದ್ದು.

ನಾನು ಮಾಡಿಸಿಕೊಂಡದ್ದು ಗ್ಯಾಸ್ಟ್ರಿಕ್ ಬೈಪಾಸ್. ಸಕ್ಕರೆ ಕಾಯಿಲೆ ಇನ್ಸುಲಿನ್‌ವರೆಗೆ ಹೋಗಿತ್ತು, ಮಂಡಿಗಳು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎಚ್ಚರವಾಗುತ್ತಿತ್ತು, ಎದೆಯುರಿಯಂತೂ ವರ್ಷಗಳಿಂದ ಜೊತೆಗಿತ್ತು. ಎದೆಯುರಿ ಹೆಚ್ಚಿರುವವರಿಗೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ವಿಧಾನಕ್ಕಿಂತ ಬೈಪಾಸ್ ಮೇಲೆಂದು ವೈದ್ಯರು ಹೇಳಿದರು. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಸಣ್ಣ ಕೋಳಿಮೊಟ್ಟೆಯಷ್ಟಿರುವ ಒಂದು ಚೀಲವನ್ನು ಬೇರ್ಪಡಿಸುತ್ತಾರೆ. ಸಣ್ಣ ಕರುಳನ್ನು ಸ್ವಲ್ಪ ಕೆಳಗೆ ಕತ್ತರಿಸಿ ಆ ಚೀಲಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಆದರೆ ತಿಂದ ಅನ್ನ ಅದರ ಮೂಲಕ ಹಾದುಹೋಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ತೂಕ ಇಳಿಸಲೆಂದು ಬೈಪಾಸ್ ಆರಂಭಿಸಿದ್ದರ ಹಿಂದೆ ಒಂದು ಸರಳ ಗಮನಿಕೆ ಇತ್ತು: ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಸುಲಭವಾಗಿ ಮೈತುಂಬಿಕೊಳ್ಳುತ್ತಿರಲಿಲ್ಲ. ಚೀಲ ಚಿಕ್ಕದಾದದ್ದಷ್ಟೇ ಇದಕ್ಕೆ ಕಾರಣವಲ್ಲ ಎಂಬುದು ನಂತರದ ದಶಕಗಳಲ್ಲಿ ಸ್ಪಷ್ಟವಾಗುತ್ತ ಬಂತು. ಆಹಾರ ಬೇಗನೆ ಕರುಳಿನ ಕೆಳಭಾಗವನ್ನು ಮುಟ್ಟುವುದರಿಂದ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಜಿಎಲ್‌ಪಿ-1, ಪಿವೈವೈ ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ. ತೂಕ ಇಳಿಯುವ ಮೊದಲೇ ಅನೇಕರಲ್ಲಿ ಸಕ್ಕರೆಯ ಮಟ್ಟ ತಗ್ಗುವುದಕ್ಕೂ ಇಂಥ ಬದಲಾವಣೆಗಳು ಕಾರಣ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಈ ಶಸ್ತ್ರಚಿಕಿತ್ಸೆಯನ್ನು ಸೋಮಾರಿಗಳ ದಾರಿ ಎಂದು ಭಾವಿಸುವವರು ನಮ್ಮ ಬಂಧುಬಳಗದಲ್ಲಿ ಈಗಲೂ ಹೆಚ್ಚು. ಬಾಯಿ ಕಟ್ಟಿದ್ದರೆ ಸಾಕಿತ್ತು ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಬಾಯಿ ಕಟ್ಟಿದಾಗಲೆಲ್ಲ ದೇಹ ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ, ಹಳೆಯ ತೂಕಕ್ಕೆ ಮರಳಲು ಹೆಣಗುತ್ತದೆ ಎಂಬುದು ಮನಸ್ಸಿನ ದೌರ್ಬಲ್ಯವಲ್ಲ, ಶರೀರದ ಸ್ವಭಾವ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ಕೋಜಿಮಾ ಮತ್ತು ಕಂಗಾವಾ ಗುರುತಿಸಿದ್ದೇ 1999ರಲ್ಲಿ; ಅದು ಮುಖ್ಯವಾಗಿ ಹುಟ್ಟುವುದು ಜಠರದಲ್ಲಿ. ಅದಕ್ಕೂ ಮೊದಲು ಎಷ್ಟು ತಲೆಮಾರುಗಳ ಹೆಂಗಸರು ತಮ್ಮ ಹಸಿವಿಗೆ ತಾವೇ ಹೊಣೆಯೆಂದು ನಂಬಿ ನಾಚಿಕೊಂಡು ಬದುಕಿದರೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಆಸ್ಪತ್ರೆಯಿಂದ ಹೊರಡುವಾಗ ನನ್ನ ಕೈಗೆ ಒಂದು ಆಹಾರ ಪಟ್ಟಿ ಕೊಟ್ಟರು. ಮೊದಲು ತಿಳಿ ದ್ರವ, ಆಮೇಲೆ ಗಟ್ಟಿ ದ್ರವ, ನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಮಾಮೂಲಿ ಊಟ. ಒಂದೂವರೆ ಎರಡು ತಿಂಗಳಲ್ಲಿ ಹಂತಹಂತವಾಗಿ ಏರುವ ಈ ಕ್ರಮದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಹೊಲಿಗೆ ಹಾಕಿದ ಜಾಗ ಮಾಯಲು ಅಷ್ಟು ಕಾಲ ಬೇಕು. ಆದರೆ ಪಟ್ಟಿಯಲ್ಲಿದ್ದ ಹೆಸರುಗಳು ಬ್ರಾಕೊಲಿ ಸೂಪು, ಓಟ್ಸ್, ಗ್ರೀಕ್ ಯೋಗರ್ಟ್, ಬೇಯಿಸಿದ ಮೀನಿನ ತುಂಡು, ಗೋಧಿ ಬ್ರೆಡ್ಡಿನ ಟೋಸ್ಟು. ನಮ್ಮ ಮನೆಯಲ್ಲಿ ವಾರಕ್ಕೆ ಏನೇನು ಬೇಯುತ್ತದೆಂದು ಯಾರೂ ಕೇಳಿರಲಿಲ್ಲ. ಮುದ್ದೆ ಯಾವ ಹಂತದ್ದು, ಉಪ್ಸಾರಿನ ಖಾರ ಯಾವಾಗ, ಮೊಸರನ್ನ ಮೆತ್ತಗಿನದೋ ಮಾಮೂಲಿಯೋ, ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿದರೆ ಅದು ದ್ರವದ ಲೆಕ್ಕಕ್ಕೋ ಘನದ ಲೆಕ್ಕಕ್ಕೋ, ಇವುಗಳಿಗೆ ಅಲ್ಲಿ ಉತ್ತರವಿರಲಿಲ್ಲ. ಅಡುಗೆ ಮಾಡುವವರು ನನ್ನ ಅತ್ತೆ, ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಕೊಂಡೇ ಉಳಿಯಿತು, ನಾವು ನಮ್ಮ ಪಾತ್ರೆಗಳಿಂದಲೇ ಉತ್ತರ ಹುಡುಕತೊಡಗಿದೆವು.

ಮೊದಲ ವಾರಗಳು ತಿಳಿಸಾರು, ನೀರು ಮಜ್ಜಿಗೆ, ಶೋಧಿಸಿದ ಬೇಳೆಕಟ್ಟುಗಳಲ್ಲಿ ಕಳೆದವು. ಇಲ್ಲೊಂದು ಮಾತು ಹೇಳಬೇಕು. ಬೇಳೆ ಬೇಯಿಸಿದ ನೀರಿನಲ್ಲಿ, ಹುರುಳಿಕಟ್ಟಿನಲ್ಲಿ ಶಕ್ತಿಯೆಲ್ಲ ಇಳಿದಿರುತ್ತದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಬಾಣಂತಿಗೂ ಜ್ವರದವರಿಗೂ ಅದನ್ನೇ ಕೊಡುತ್ತೇವೆ. ರುಚಿ ಮತ್ತು ಲವಣಗಳು ಅದರಲ್ಲಿ ಇಳಿದಿರುವುದು ನಿಜ, ಆದರೆ ಪ್ರೋಟೀನಿನ ಬಹುಪಾಲು ಕೆಳಗೆ ಉಳಿದ ಕಾಳಿನಲ್ಲೇ ಇರುತ್ತದೆ. ಹೊಟ್ಟೆಯಲ್ಲಿ ಅಷ್ಟು ಕಡಿಮೆ ಜಾಗವಿರುವಾಗ, ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ತಲುಪಬೇಕೆಂಬ ಗುರಿ ಇರುವಾಗ, ಬರೀ ಕಟ್ಟಿನಿಂದ ಅದು ಆಗುವುದಿಲ್ಲ. ಆ ದಿನಗಳಲ್ಲಿ ಪ್ರೋಟೀನ್ ಪುಡಿ ಬೇಕೇ ಬೇಕು. ಅದರ ಸಿಹಿ ವಾಸನೆ ನನಗೆ ಒಗ್ಗಲಿಲ್ಲ. ರುಚಿ ಸೇರಿಸದ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ, ಉಪ್ಪು ಮತ್ತು ಜೀರಿಗೆ ಪುಡಿ ಹಾಕಿ ಗುಟುಕು ಗುಟುಕಾಗಿ ಕುಡಿದೆ. ಗುಟುಕು ಎಂದರೆ ನಿಜವಾಗಿ ಗುಟುಕೇ. ಒಂದು ಲೋಟ ನೀರನ್ನು ಎತ್ತಿ ಗಟಗಟ ಕುಡಿಯುವ ಸುಖ ತಿಂಗಳುಗಟ್ಟಲೆ ಇರುವುದಿಲ್ಲ, ಬೇಸಿಗೆಯಲ್ಲಿ ಅದು ಬಹಳ ಕಾಡುತ್ತದೆ.

ಅರೆದ ಆಹಾರದ ಹಂತಕ್ಕೆ ಬಂದಾಗ ನಮ್ಮ ಅಡುಗೆಮನೆ ಎಷ್ಟು ಸಿದ್ಧವಾಗಿದೆಯೆಂದು ಕಂಡಿತು. ತೊವ್ವೆ ಇದೆ, ಸೊಪ್ಪು ಬೇಳೆ ಬೇಯಿಸಿ ಮಸೆದ ಮಸ್ಸೊಪ್ಪು ಇದೆ, ಕಡೆದ ಮೊಸರಿದೆ, ರಾಗಿ ಅಂಬಲಿ ಇದೆ, ಮೊಟ್ಟೆಯ ಬಿಳಿಭಾಗವನ್ನು ಸಾರಿನಲ್ಲಿ ಕದಡಿ ಬೇಯಿಸುವ ಪದ್ಧತಿ ಇದೆ. ಹಿತಕಿದ ಅವರೆಕಾಳಂತೂ ಈ ಹಂತಕ್ಕೆಂದೇ ಹುಟ್ಟಿದ್ದೇನೋ ಎನ್ನುವಷ್ಟು ಹೊಂದುತ್ತದೆ: ಸಿಪ್ಪೆ ಕಳೆದಿರುತ್ತದೆ, ಬೆಂದರೆ ಬೆಣ್ಣೆಯಾಗುತ್ತದೆ, ಕಾಳಿನ ಪೂರ್ತಿ ಸತ್ವ ಅದರಲ್ಲಿರುತ್ತದೆ. ಖಾರ ಮತ್ತು ಒಗ್ಗರಣೆಯ ಎಣ್ಣೆ ತಗ್ಗಿಸಿದರೆ ಸಾಕು. ಇಷ್ಟೆಲ್ಲ ನಮ್ಮಲ್ಲೇ ಇರುವಾಗ ಪಟ್ಟಿ ಬರೆಯುವವರು ಇವುಗಳ ಹೆಸರನ್ನು ಬರೆಯದಿರುವುದು ನನಗೆ ಸಣ್ಣ ಲೋಪವಾಗಿ ಕಾಣುವುದಿಲ್ಲ. ರೋಗಿಯ ಮನೆಯ ಊಟ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ಊಟವೇ ತಪ್ಪು ಎಂಬ ಭಾವನೆ ರೋಗಿಯಲ್ಲಿ ಮೂಡುತ್ತದೆ. ಹಾಗೆ ಮೂಡಿದ ಭಾವನೆ ಬಹಳ ದಿನ ಬಾಳುವುದಿಲ್ಲ, ಒಂದು ದಿನ ಪಟ್ಟಿಯೇ ಕೈಬಿಟ್ಟುಹೋಗುತ್ತದೆ.

ಕಷ್ಟ ಶುರುವಾದದ್ದು ಮಾಮೂಲಿ ಊಟಕ್ಕೆ ಬಂದ ಮೇಲೆ. ನಮ್ಮ ಊಟದ ಕಟ್ಟಡವೇ ದ್ರವ ಮತ್ತು ಘನಗಳ ಬೆರಕೆಯ ಮೇಲೆ ನಿಂತಿದೆ. ಅನ್ನಕ್ಕೆ ಹುಳಿ, ಅನ್ನಕ್ಕೆ ಸಾರು, ಕೊನೆಗೆ ಅನ್ನಕ್ಕೆ ಮಜ್ಜಿಗೆ. ಒಣ ಅನ್ನವನ್ನು ಉಣ್ಣುವುದು ನಮಗೆ ಗೊತ್ತೇ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ದ್ರವ ಬೇರೆ, ಘನ ಬೇರೆ, ನಡುವೆ ಅರ್ಧ ಗಂಟೆಯ ಅಂತರ. ತೆಳುವಾದ ಸಾರಿನ ಜೊತೆ ಅನ್ನ ಸರ್ರನೆ ಇಳಿದುಹೋಗುತ್ತದೆ, ಹೊಟ್ಟೆ ತುಂಬಿದ ಸೂಚನೆ ಬರುವ ಮೊದಲೇ ಇನ್ನಷ್ಟು ಉಣ್ಣುವಂತಾಗುತ್ತದೆ. ಒಣದಾಗಿ ತಿಂದರೆ ಅನ್ನ ಅಂಟಂಟಾಗಿ ಎದೆಯ ಕೆಳಗೆ ನಿಂತುಬಿಡುತ್ತದೆ. ಆ ನೋವನ್ನು ಅನುಭವಿಸಿದವರೇ ಬಲ್ಲರು, ಬಾಯಲ್ಲಿ ಜೊಲ್ಲು ತುಂಬುತ್ತದೆ, ಬೆನ್ನಿನವರೆಗೆ ಹಿಡಿದುಕೊಳ್ಳುತ್ತದೆ, ಅದು ಕೆಳಗಿಳಿಯುವ ತನಕ ಅಥವಾ ಹಿಂದಕ್ಕೆ ಬರುವ ತನಕ ಬೇರೆ ದಾರಿಯಿಲ್ಲ. ನಮ್ಮ ಮನೆಯಲ್ಲಿ ನೆಲೆನಿಂತ ಪರಿಹಾರವೆಂದರೆ ಸಾರಿನ ಬದಲು ಗಟ್ಟಿ ತೊವ್ವೆ, ಕೂಟು, ಗಟ್ಟಿ ಮೊಸರು. ತಿಳಿಸಾರನ್ನು ನಾಲ್ಕು ಗಂಟೆಯ ಹೊತ್ತಿಗೆ ಲೋಟದಲ್ಲಿ ಪ್ರತ್ಯೇಕವಾಗಿ ಕುಡಿಯುವುದು. ಸಾರು ಈಗ ನನಗೆ ಸಂಜೆಯ ಪಾನೀಯ. ಮೆಣಸು, ಜೀರಿಗೆ, ಬೆಳ್ಳುಳ್ಳಿಯ ಆ ಸಾರನ್ನು ಅನ್ನದ ಹಂಗಿಲ್ಲದೆ ಕುಡಿಯುವಾಗ ಅದರ ರುಚಿ ಪೂರ್ತಿಯಾಗಿ ಸಿಗುತ್ತದೆ.

ಪ್ರೋಟೀನನ್ನು ಮೊದಲು ತಿನ್ನಬೇಕು, ತರಕಾರಿ ಆಮೇಲೆ, ಅನ್ನ ಅಥವಾ ರೊಟ್ಟಿ ಕೊನೆಗೆ ಎಂಬ ನಿಯಮ ಎಲೆಯ ನಕ್ಷೆಯನ್ನೇ ತಿರುಗಿಸಿತು. ಬಾಳೆಎಲೆಯ ಮೇಲೆ ನಡುವಿನ ಜಾಗವೆಲ್ಲ ಅನ್ನದ್ದು. ಕೋಸಂಬರಿ, ಉಸಲಿ, ಪಲ್ಯ, ಗೊಜ್ಜುಗಳೆಲ್ಲ ಮೇಲಂಚಿನಲ್ಲಿ ಚಿಟಿಕೆ ಚಿಟಿಕೆಯಾಗಿ ಬೀಳುತ್ತವೆ. ಈಗ ನನ್ನ ತಟ್ಟೆಯಲ್ಲಿ ಹೆಸರುಬೇಳೆ ಕೋಸಂಬರಿಯೇ ಊಟ, ಕಡಲೆಕಾಳಿನ ಉಸಲಿಯೇ ಊಟ, ಹುರುಳಿಕಾಳಿನ ಪಲ್ಯವೇ ಊಟ. ಅನ್ನ ಅಂಚಿಗೆ ಹೋಗಿದೆ. 30 ಗ್ರಾಂ ಒಣ ಕಾಳು ಬೇಯಿಸಿದರೆ ಸುಮಾರು 7 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 50 ಗ್ರಾಂ ಪನೀರಿನಲ್ಲಿ 9 ಗ್ರಾಂ. ನಾನು ಮೊಟ್ಟೆ, ಕೋಳಿ, ಮೀನು ತಿನ್ನುವವಳಾದ್ದರಿಂದ ಲೆಕ್ಕ ಸುಲಭವಾಗಿ ಕೂಡಿತು. ಶುದ್ಧ ಸಸ್ಯಾಹಾರಿಗಳಿಗೆ ಇದು ನಿಜವಾದ ಸವಾಲು, ಏಕೆಂದರೆ ಕಾಳು ಬೇಳೆಗಳಲ್ಲಿ ಪ್ರೋಟೀನಿಗಿಂತ ಪಿಷ್ಟ ಹೆಚ್ಚು, ಹೊಟ್ಟೆ ಬೇಗ ತುಂಬಿಬಿಡುತ್ತದೆ. ಅವರಿಗೆ ಸೋಯಾ, ಪನೀರು, ಗಟ್ಟಿ ಮೊಸರು, ಪುಡಿ ಇವುಗಳ ನೆರವು ದೀರ್ಘಕಾಲ ಬೇಕಾಗುತ್ತದೆ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಇನ್ನು ಮುದ್ದೆ. ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಅದರ ಒಂದು ಸಣ್ಣ ಅಂಶ ಮಾತ್ರ. ಬೈಪಾಸ್ ಆದವರಿಗೆ ಮೂಳೆಯ ಚಿಂತೆ ಜೀವಮಾನದ್ದು. ತೊಂದರೆ ಇರುವುದು ಮುದ್ದೆಯಲ್ಲಲ್ಲ, ಅದನ್ನು ನುಂಗುವ ಕ್ರಮದಲ್ಲಿ. ಅಗಿಯದ ಹಿಟ್ಟಿನ ಉಂಡೆ ಆ ಪುಟ್ಟ ಚೀಲದ ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಳ್ಳಬಹುದು. ಅತ್ತೆ ಇದಕ್ಕೆ ಕಂಡುಕೊಂಡ ಉಪಾಯ, ಹಿಟ್ಟಿಗೆ ನೀರು ಹೆಚ್ಚಿಸಿ ಮೆತ್ತಗೆ ತೊಳಸಿ, ನೆಲ್ಲಿಕಾಯಿ ಗಾತ್ರದ ಒಂದು ತುಣುಕನ್ನು ನನಗೆಂದು ತೆಗೆದಿಡುವುದು. ಕಾಳಿನ ಪಲ್ಯ ತಿಂದ ಮೇಲೆ ಅದನ್ನು ಮಸ್ಸೊಪ್ಪಿನಲ್ಲಿ ಹೊರಳಿಸಿ ನಿಧಾನವಾಗಿ ಅಗಿಯುತ್ತೇನೆ. ಅಗಿದಾಗ ರಾಗಿಗೊಂದು ಮಣ್ಣಿನ ವಾಸನೆಯ ಸಿಹಿ ಇದೆಯೆಂದು ತಿಳಿಯುತ್ತದೆ. ನುಂಗುವಾಗ ಅದು ನಾಲಿಗೆಗೆ ಸಿಕ್ಕುವುದೇ ಇಲ್ಲ. ನಮ್ಮ ಮಾವ ಮೊದಮೊದಲು ನಾನು ಅಗಿಯುವುದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದರು. ಹೊಲದಲ್ಲಿ ದುಡಿದು ಬಂದವನು ಅರ್ಧ ದಿನ ಹೊಟ್ಟೆಯಲ್ಲಿ ಇರಲೆಂದೇ ನುಂಗುತ್ತಿದ್ದ ಅನ್ನ ಅದು. ಅವರ ಕಾಲದ ದೇಹಶ್ರಮಕ್ಕೆ ಅದು ಸರಿಯಾದ ಕ್ರಮವಾಗಿತ್ತು, ಅದನ್ನು ಹೀಗಳೆಯುವ ಹಕ್ಕು ನನಗಿಲ್ಲ.

ಸಿಹಿಯ ವಿಷಯ ಬೇರೆ. ಬೈಪಾಸ್ ಆದವರು ಪಾಯಸವನ್ನೋ ಹೋಳಿಗೆಯನ್ನೋ ಹಿಂದಿನಂತೆ ತಿಂದರೆ ಡಂಪಿಂಗ್ ಆಗಬಹುದು. ಸಕ್ಕರೆ ಜಠರದಲ್ಲಿ ತಂಗದೆ ನೇರವಾಗಿ ಸಣ್ಣ ಕರುಳಿಗೆ ಸುರಿಯುತ್ತದೆ, ಕರುಳು ಅದನ್ನು ತಿಳಿಯಾಗಿಸಲು ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಇನ್ಸುಲಿನ್ ಅತಿಯಾಗಿ ಸ್ರವಿಸಿ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ಎಲ್ಲರಿಗೂ ಆಗುವುದಿಲ್ಲ. ನನಗೆ ಆಗುತ್ತದೆ. ಯುಗಾದಿಗೆ ಹೋಳಿಗೆಯ ಅಂಚಿನ ಒಂದು ಚೂರು, ಊಟದ ಕೊನೆಯಲ್ಲಿ, ತುಪ್ಪ ಹಾಲುಗಳಿಲ್ಲದೆ. ಅಷ್ಟರಲ್ಲಿ ಹಬ್ಬ ಪೂರ್ಣವಾಗುತ್ತದೆ.

ಮನೆಯಲ್ಲಿ ಇಷ್ಟನ್ನು ಹೊಂದಿಸಿಕೊಂಡರೂ ಹೊರಗಿನ ಊಟ ಬೇರೆಯೇ ಪರೀಕ್ಷೆ. ಪಂಕ್ತಿಯ ಊಟಕ್ಕೆ ತನ್ನದೇ ವೇಗವಿದೆ. ಮದುವೆಮನೆಯಲ್ಲಿ ಬಡಿಸುವವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಎಲ್ಲರೂ ಒಟ್ಟಿಗೆ ಕೂತು ಒಟ್ಟಿಗೆ ಏಳಬೇಕು, ಮುಂದಿನ ಪಂಕ್ತಿಯವರು ಹಿಂದೆ ನಿಂತು ಕಾಯುತ್ತಿರುತ್ತಾರೆ. ಅರ್ಧ ಗಂಟೆ ಕೂತು ನಾಲ್ಕು ತುತ್ತು ಅಗಿಯುವವಳಿಗೆ ಅಲ್ಲಿ ಜಾಗವಿಲ್ಲ. ಅದಕ್ಕಿಂತ ಕಷ್ಟದ್ದು ಎಲೆಯಲ್ಲಿ ಬಿಡುವ ಸಂಕಟ. ಅನ್ನವನ್ನು ದೇವರೆಂದು ತಿಳಿಯುವ ನಾಡು ನಮ್ಮದು. ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ, ಸುತ್ತೂರು ಜಾತ್ರೆಯಲ್ಲಿ ಸಾವಿರಾರು ಜನ ಜಾತಿಭೇದವಿಲ್ಲದೆ ಕೂತು ಉಣ್ಣುವ ದಾಸೋಹದ ಪರಂಪರೆಯನ್ನು ಕಂಡು ಬೆಳೆದವರಿಗೆ, ಎಲೆಯ ಮೇಲೆ ಅಗುಳು ಬಿಟ್ಟು ಏಳುವುದು ಹೊಟ್ಟೆಯ ಪ್ರಶ್ನೆಯಷ್ಟೇ ಅಲ್ಲ. ಹೊಟ್ಟೆ ತುಂಬಿದ ಮೇಲೂ ಎಲೆಯನ್ನು ಬರಿದು ಮಾಡುವ ಆ ಸಂಸ್ಕಾರ ಒಳ್ಳೆಯದು, ನನ್ನಂಥವರ ದೇಹಕ್ಕೆ ಮಾತ್ರ ಅದು ಒಗ್ಗದು. ನಾನು ಈಗ ಅನುಸರಿಸುವ ಕ್ರಮವೆಂದರೆ ಬಡಿಸುವ ಮೊದಲೇ ಹೇಳುವುದು. ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎಂದರೆ ಅದು ಉಪಚಾರದ ಭಾಗವೆಂದೇ ತಿಳಿದು ಇನ್ನೊಂದು ಸೌಟು ಬಡಿಸುತ್ತಾರೆ. ಹೊಟ್ಟೆಯ ಆಪರೇಷನ್ ಆಗಿದೆ, ಕೋಸಂಬರಿ ಮತ್ತು ಪಲ್ಯ ಮಾತ್ರ ಹಾಕಿ ಎಂದು ಬಾಯಿಬಿಟ್ಟು ಹೇಳಿದರೆ ಯಾರೂ ಒತ್ತಾಯಿಸುವುದಿಲ್ಲ. ಕೆಲವರು ಎರಡನೆಯ ಸಲ ಕೋಸಂಬರಿಯ ಪಾತ್ರೆ ಹಿಡಿದು ತಾವಾಗಿ ಹುಡುಕಿಕೊಂಡು ಬಂದದ್ದೂ ಉಂಟು.

ಹಾಗೆ ಬಾಯಿಬಿಟ್ಟು ಹೇಳುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಬಹಳ ಜನ, ಅದರಲ್ಲೂ ಹೆಂಗಸರು, ಈ ಶಸ್ತ್ರಚಿಕಿತ್ಸೆಯನ್ನು ಗುಟ್ಟಾಗಿಡುತ್ತಾರೆ. ಅವರ ಕಾರಣಗಳನ್ನು ನಾನು ಗೌರವಿಸುತ್ತೇನೆ. ಆದರೆ ಗುಟ್ಟು ಉಳಿಯುವುದು ಕಷ್ಟ, ಏಕೆಂದರೆ ನಮ್ಮ ಊರುಗಳಲ್ಲಿ ಮೈ ಇಳಿದವರನ್ನು ಕಂಡರೆ ಮೊದಲು ಬರುವ ಮಾತು ಮೆಚ್ಚುಗೆಯದಲ್ಲ. ಶುಗರ್ ಜಾಸ್ತಿಯಾಯಿತೇ, ಮನೆಯಲ್ಲಿ ಏನಾದರೂ ತೊಂದರೆಯೇ, ಯಾಕಿಷ್ಟು ಸೊರಗಿದ್ದೀಯ ಎಂದು ಕೇಳುತ್ತಾರೆ. ಅದು ಕಾಳಜಿಯ ಮಾತೇ. ಬರಗಾಲ, ಕ್ಷಯ, ಬಡತನಗಳನ್ನು ಕಂಡ ಜನರಿಗೆ ತುಂಬಿದ ಮೈ ಎಂದರೆ ನೆಮ್ಮದಿಯ ಗುರುತು. ಮೂರರಿಂದ ಆರನೆಯ ತಿಂಗಳ ನಡುವೆ ಕೂದಲು ಉದುರತೊಡಗಿದಾಗ ಆ ಪ್ರಶ್ನೆಗಳು ಇನ್ನೂ ಹೆಚ್ಚಿದವು. ದೇಹ ವೇಗವಾಗಿ ಇಳಿಯುವಾಗ ಕೂದಲಿನ ಬೇರುಗಳು ಒಟ್ಟಾಗಿ ವಿಶ್ರಾಂತಿಗೆ ಹೋಗುವುದರಿಂದ ಹೀಗಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ ಎಂದು ವೈದ್ಯರು ಮೊದಲೇ ತಿಳಿಸಿದ್ದರೂ, ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ನೋಡುವಾಗ ಆ ತಿಳಿವಳಿಕೆ ಹೆಚ್ಚು ಸಮಾಧಾನ ಕೊಡುವುದಿಲ್ಲ. ಜೋಲುವ ಚರ್ಮವಂತೂ ಹಾಗೆಯೇ ಉಳಿದಿದೆ. ಅದರ ಜೊತೆ ನಾನು ರಾಜಿಯಾಗಿದ್ದೇನೆ.

ಮಾತ್ರೆಗಳ ವಿಷಯವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ತೂಕ ಇಳಿದ ಸಂತೋಷದಲ್ಲಿ ಮೊದಲು ಕೈಬಿಡುವುದು ಅದನ್ನೇ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮುಖ್ಯವಾಗಿ ಹೀರಲ್ಪಡುವ ಕರುಳಿನ ಮೊದಲ ಭಾಗವನ್ನೇ ಬೈಪಾಸ್ ದಾಟಿಸಿಬಿಡುತ್ತದೆ. ಬಿ12 ಹೀರಿಕೆಗೆ ಜಠರದ ಆಮ್ಲವೂ ಅಲ್ಲಿ ಸ್ರವಿಸುವ ಒಂದು ವಿಶೇಷ ಪ್ರೋಟೀನೂ ಬೇಕು; ಆಹಾರ ಆ ಭಾಗವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಬಹುಜೀವಸತ್ವ, ಕಬ್ಬಿಣ, ಬಿ12, ವಿಟಮಿನ್ ಡಿ, ಸಿಟ್ರೇಟ್ ರೂಪದ ಕ್ಯಾಲ್ಸಿಯಂ ಇವೆಲ್ಲ ಬದುಕಿರುವ ತನಕ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದನ್ನೊಂದು ತಡೆಯುವುದರಿಂದ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಕಾಫಿ ಟೀಗಳು ಕಬ್ಬಿಣವನ್ನು ಹೀರದಂತೆ ಮಾಡುತ್ತವೆ, ಆದ್ದರಿಂದ ಬೆಳಗಿನ ಫಿಲ್ಟರ್ ಕಾಫಿಯ ಜೊತೆ ಕಬ್ಬಿಣದ ಮಾತ್ರೆ ನುಂಗುವುದು ವ್ಯರ್ಥ. ನಾನು ಕಾಫಿಯನ್ನು ಉಳಿಸಿಕೊಂಡು ಮಾತ್ರೆಯನ್ನು ರಾತ್ರಿಗೆ ಒಯ್ದೆ. ಮಗು ಬೇಕೆನ್ನುವ ವಯಸ್ಸಿನ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳಾದರೂ ಕಾಯಬೇಕೆಂಬುದನ್ನೂ ಮನೆಯ ಹಿರಿಯರಿಗೆ ಮೊದಲೇ ತಿಳಿಸಿರಬೇಕು.

ಇವುಗಳಿಗಿಂತ ಭಯಪಡಬೇಕಾದದ್ದು ಎರಡಿದೆ, ಎರಡೂ ನಮ್ಮ ಹಳ್ಳಿಗಳ ಸಣ್ಣ ಕ್ಲಿನಿಕ್ಕುಗಳಲ್ಲಿ ದಿನವೂ ನಡೆಯುವ ಸಂಗತಿಗಳು. ಮೈಕೈ ನೋವೆಂದರೆ ಡೈಕ್ಲೊಫೆನಾಕ್ ಸೂಜಿ ಅಥವಾ ಐಬುಪ್ರೊಫೆನ್ ಮಾತ್ರೆ. ಬೈಪಾಸ್ ಆದವರಲ್ಲಿ ಇವು ಜೋಡಣೆಯ ಜಾಗದಲ್ಲಿ ಹುಣ್ಣು ತರಬಲ್ಲವು, ಆ ಹುಣ್ಣು ರಕ್ತ ಒಸರಬಲ್ಲದು. ಪ್ಯಾರಸಿಟಮಾಲ್ ಸಾಕೆಂದು ನಾವೇ ಹೇಳಬೇಕು. ಎರಡನೆಯದು ಗ್ಲೂಕೋಸ್ ಬಾಟಲಿ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬೇಗ ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು: ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ನೆನಪು ಕದಡುತ್ತದೆ. ಸುಸ್ತು ಎಂದೊಡನೆ ಒಂದು ಬಾಟಲಿ ಏರಿಸುವ ಅಭ್ಯಾಸವಿರುವ ಕಡೆ ಈ ಮಾಹಿತಿಯನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದು ರೋಗಿಯ ಕೈಗೆ ಕೊಡುವುದು ಆಸ್ಪತ್ರೆಗಳ ಕರ್ತವ್ಯವೆಂದು ನಾನು ನಂಬುತ್ತೇನೆ. ನನ್ನ ಪರ್ಸಿನಲ್ಲಿರುವ ಚೀಟಿಯನ್ನು ನಾನೇ ಬರೆದು ವೈದ್ಯರಿಂದ ಸಹಿ ಹಾಕಿಸಿಕೊಂಡೆ.

ಹಣದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹಾಕಿದ ಚೌಕಟ್ಟಿನಂತೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ, 40 ದಾಟಿದವರಿಗೆ, ಅಥವಾ 35 ದಾಟಿ ಗಂಭೀರ ಕಾಯಿಲೆಗಳಿರುವವರಿಗೆ ಮಾತ್ರ ವಿಮೆಯ ದಾರಿ ತೆರೆದಿದೆ. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಹೇಳಿವೆ, ಏಕೆಂದರೆ ನಮ್ಮ ದೇಹಗಳಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ. ಈ ಎರಡು ಅಂಕಿಗಳ ನಡುವೆ ಇರುವವರೆಲ್ಲ ಕೈಯಿಂದಲೇ ಖರ್ಚು ಮಾಡಬೇಕು.

ಮೊದಲ ವರ್ಷದಲ್ಲಿ ನನಗೆ ಹಸಿವೇ ಆಗುತ್ತಿರಲಿಲ್ಲ. ಗಡಿಯಾರ ನೋಡಿ ಉಣ್ಣುತ್ತಿದ್ದೆ. ಆದರೆ ಹಸಿವಿಲ್ಲದಿದ್ದರೂ ಆಸೆ ಇರುತ್ತದೆ. ಮಳೆ ಬಂದ ಸಂಜೆ ಮೈಸೂರಿನ ಬೀದಿಯಲ್ಲಿ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂದರೆ ಹೊಟ್ಟೆ ಸುಮ್ಮನಿರುತ್ತದೆ, ಮನಸ್ಸು ಎದ್ದು ನಿಲ್ಲುತ್ತದೆ. ದಣಿವು, ಬೇಸರ, ಒಂಟಿತನಗಳಿಗೆ ತಿಂಡಿಯಿಂದ ಸಾಂತ್ವನ ಪಡೆಯುತ್ತಿದ್ದವರಿಗೆ ಆ ಬಾಗಿಲು ಇದ್ದಕ್ಕಿದ್ದಂತೆ ಮುಚ್ಚಿದಾಗ ಆಗುವ ಖಾಲಿತನ ದೊಡ್ಡದು. ಅದಕ್ಕಾಗಿ ಆಪ್ತ ಸಮಾಲೋಚಕರನ್ನು ಕಾಣುವುದು ಅಗತ್ಯವಾದಾಗ ಕಂಡೆ, ಅದರಿಂದ ನೆರವಾಯಿತು. ಒಂದೂವರೆ ವರ್ಷದ ಹೊತ್ತಿಗೆ ಹಸಿವು ಮೆಲ್ಲನೆ ಮರಳಿತು. ಆಗಲೇ ನಿಜವಾದ ಎಚ್ಚರ ಬೇಕಾದದ್ದು. ಮುದ್ದೆ, ಚಪಾತಿ, ಕೋಳಿಯ ತುಂಡು ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತವೆ. ಖಾರಾ ಮಿಕ್ಸ್ಚರ್, ಚಕ್ಕುಲಿ, ಬಿಸ್ಕೆಟ್, ಐಸ್‌ಕ್ರೀಮ್ ಯಾವ ತಡೆಯೂ ಇಲ್ಲದೆ ಜಾರಿಹೋಗುತ್ತವೆ. ದಿನವಿಡೀ ಚೂರು ಚೂರಾಗಿ ಬಾಯಾಡಿಸಿದರೆ ಎಂಥ ಚೀಲವೂ ಕಾಯಲಾರದು. ಸ್ವೀಡನ್ನಿನಲ್ಲಿ 1987ರಿಂದ ಆರಂಭಿಸಿ ದಶಕಗಳ ಕಾಲ ನಡೆದ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ತಮ್ಮ ತೂಕದ 32 ಶೇಕಡಾ ಇಳಿದಿದ್ದರು, ಹತ್ತು ವರ್ಷಗಳ ನಂತರ ಅದು 25 ಶೇಕಡಾಕ್ಕೆ ನಿಂತಿತ್ತು. ಅಂದರೆ ಸ್ವಲ್ಪ ತೂಕ ಮರಳುವುದು ಸಹಜ, ಬಹುಪಾಲು ಮರಳದಿರುವುದೂ ಅಷ್ಟೇ ನಿಜ. ನನ್ನಲ್ಲೂ ಒಂದಷ್ಟು ಮರಳಿದೆ. ಇನ್ಸುಲಿನ್ ಮರಳಿಲ್ಲ, ಮಂಡಿಗಳು ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ನಂದಿಯವರೆಗೆ ನಿಂತು ನಿಂತಾದರೂ ಹತ್ತಿಸುತ್ತವೆ.

ನಾಗಮಂಗಲದ ಕಡೆಯ ನನ್ನ ಬಂಧುವೊಬ್ಬಳು ಮುಂದಿನ ತಿಂಗಳು ಇದೇ ಶಸ್ತ್ರಚಿಕಿತ್ಸೆಗೆ ಸಿದ್ಧಳಾಗುತ್ತಿದ್ದಾಳೆ. ಅವಳ ಕೈಗೂ ಇಂಗ್ಲಿಷಿನ ಪಟ್ಟಿಯೇ ಬಂದಿದೆ. ನಾನು ಅತ್ತೆಯ ಜೊತೆ ಕೂತು, ನಮ್ಮ ಪಾತ್ರೆಗಳ ಹೆಸರಿನಲ್ಲಿ, ಸೌಟು ಮತ್ತು ಬಟ್ಟಲಿನ ಅಳತೆಯಲ್ಲಿ ಇನ್ನೊಂದು ಪಟ್ಟಿ ಬರೆದು, ಅವಳ ಡಯೆಟಿಷಿಯನ್‌ಗೆ ತೋರಿಸಿ ತಿದ್ದಿಸಿಕೊಳ್ಳಲು ಹೇಳಿ ಕಳಿಸಿದೆ. ಅವರು ಎರಡು ಕಡೆ ತಿದ್ದಿ, ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟರಂತೆ. ನಿನ್ನೆ ಅವಳ ತಾಯಿ ಫೋನ್ ಮಾಡಿ, ಅರೆದ ಆಹಾರದ ವಾರಗಳಲ್ಲಿ ಹುರುಳಿಕಾಳನ್ನು ಕೊಡಬಹುದೇ, ಕಟ್ಟು ಮಾತ್ರವೇ ಎಂದು ಕೇಳಿದರು. ರಾತ್ರಿಯೆಲ್ಲ ನೆನೆಸಿ, ಮೊಳಕೆ ಕಟ್ಟಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಕಾಳಿನ ಸಮೇತ ಅರೆದು, ಸಿಪ್ಪೆಯನ್ನು ಜರಡಿಯಲ್ಲಿ ತೆಗೆದು ಕೊಡಿ, ಮೊದಲ ದಿನ ಎರಡು ಚಮಚ ಮಾತ್ರ ಎಂದೆ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕಬಹುದೇ ಎಂದರು. ಒಂದು ಎಸಳು ಹಾಕಿ, ಮೆಣಸಿನಕಾಯಿ ಬೇಡ ಎಂದು ಹೇಳಿದ್ದೇನೆ.